ದನಕರುಗಳ ಆರೋಗ್ಯದ ಮಾಲಿಗೆ ಬೇರೆಯಾಗಿ ಕಾಣುವ ಜಾಹೀರಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಖನಿಜ ಮಿಶ್ರಣ, ಕ್ಯಾಲ್ಸಿಯಂ ದ್ರಾವಣ, ಜಂತುಹುಳು ಔಷಧಿ, ದನದ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆಗೆ ಔಷಧಿ, ಹಾಲು ಕರೆದ ಮೇಲೆ ಮೊಲೆತೊಟ್ಟು ಅದ್ದುವ ಟೀಟ್ ಡಿಪ್. ಇಂಥವನ್ನು ತಯಾರಿಸುವ ಸಣ್ಣ ಕಂಪನಿಯವರು ಮತ್ತು ತಾಲ್ಲೂಕು ಮಟ್ಟದಲ್ಲಿ ಮಾರುವವರು ಜಾಹೀರಾತಿನ ಬಗ್ಗೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರ ಬರೆಯುವಾಗ ನಮ್ಮ ಕಣ್ಣ ಮುಂದೆ ಇದ್ದದ್ದು ಹೆಚ್ಚಾಗಿ ಹಳೇ ಮೈಸೂರು ಕಡೆಯ ಹಾಲಿನ ಊರುಗಳು, ಎರಡು-ಮೂರು ಹಸು ಕಟ್ಟಿರುವ ಮನೆಗಳು. ನೂರು ಹಸುವಿನ ಫಾರಂಗೆ ಮಾರುವವರಿಗೆ ಇದರಲ್ಲಿ ಅರ್ಧ ಮಾತ್ರ ಹೊಂದುತ್ತದೆ.

ಈ ಸಾಲಿನ ಜಾಹೀರಾತೆಲ್ಲ ಒಂದೇ ಥರ ಕಾಣೋದು ಯಾಕೆ?

ಯಾವುದಾದರೂ ಪಶು ಔಷಧಿ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಹಸಿರು ಹುಲ್ಲು, ನೀಲಿ ಆಕಾಶ, ಕಪ್ಪು-ಬಿಳಿ ಎಚ್‌ಎಫ್ ಹಸು, ದೊಡ್ಡ ಕೆಚ್ಚಲು, ಪಕ್ಕದಲ್ಲಿ ಉಕ್ಕಿ ಹರಿಯುವ ಹಾಲಿನ ಕ್ಯಾನ್. ಹೆಸರುಗಳೂ ಅಷ್ಟೇ. ಒಂದರ ಕೊನೆಗೆ ವೆಟ್, ಇನ್ನೊಂದರ ಕೊನೆಗೆ ಕ್ಯಾಲ್, ಮತ್ತೊಂದಕ್ಕೆ ಮಿನ್ ಅಥವಾ ಲ್ಯಾಕ್. ಕ್ಯಾಲ್ಸಿಯಂ ಅಂದರೆ ಐದು ಲೀಟರ್ ಕ್ಯಾನ್, ಅದರ ಮೇಲೆ ನೀಲಿ-ಹಸಿರು ಚೀಟಿ. ಅಂಗಡಿಯವರೇ ಒಮ್ಮೊಮ್ಮೆ ಕ್ಯಾನ್ ತಿರುಗಿಸಿ ಓದಿ ಕೊಡುತ್ತಾರೆ.

ಇದಕ್ಕೆ ಕಾರಣ ಬರೀ ಸೋಮಾರಿತನ ಅಲ್ಲ. ಎಲ್ಲರೂ ಕೊನೆಯ ಫಲವನ್ನೇ ತೋರಿಸುತ್ತಾರೆ, ಅದು ಹಾಲು. ಹಿಂಡಿ ಮಾರುವವರದ್ದೂ ಹಾಲಿನ ಕ್ಯಾನೇ, ಜಂತುಹುಳು ಔಷಧಿಯವರದ್ದೂ ಅದೇ, ಕ್ಯಾಲ್ಸಿಯಂನವರದ್ದೂ ಅದೇ. ನೋಡಿದವರ ತಲೆಯಲ್ಲಿ ಹಾಲು ಉಳಿಯುತ್ತದೆ, ನಿಮ್ಮ ಹೆಸರು ಉಳಿಯುವುದಿಲ್ಲ. ಅಂಗಡಿಗೆ ಹೋದಾಗ ಬಾಯಿಗೆ ಬರುವುದು ಆ ಊರಿನಲ್ಲಿ ಹಳೆಯದಾಗಿ ಬೇರೂರಿರುವ ಕಂಪನಿ ಹೆಸರು. ಅಂದರೆ ನಿಮ್ಮ ದುಡ್ಡಲ್ಲಿ ಅವರ ಪ್ರಚಾರ ನಡೀತಿದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಕೊಟ್ಟಿಗೆಯಿಂದ. ನಿಮ್ಮ ಮಾಲು ಬೇಕು ಅನ್ನಿಸುವ ಹೊತ್ತು ಯಾವುದು, ಆಗ ಹಸು ಕಟ್ಟಿದವರ ಕಣ್ಣಿಗೆ ಏನು ಬೀಳುತ್ತದೆ? ಅದನ್ನು ಹಿಡಿಯಿರಿ. ಹಾಲಿನ ಕ್ಯಾನ್ ಎಲ್ಲರ ಹತ್ತಿರವೂ ಇದೆ. ಆ ಹೊತ್ತು ನಿಮ್ಮ ಮಾಲಿಗೆ ಮಾತ್ರ ಸೇರಿದ್ದು.

ಟೀಟ್ ಡಿಪ್ ಉದಾಹರಣೆ ತಗೊಳ್ಳೋಣ. ಬೆಳಿಗ್ಗೆ ಹಾಲು ಕರೆದಾಯಿತು. ಡೇರಿಗೆ ಹೊತ್ತಾಯಿತು ಅಂತ ಮನೆಯವರು ಕ್ಯಾನ್ ಎತ್ತಿಕೊಂಡು ಹೊರಡುತ್ತಾರೆ. ಹಸು ಉಸ್ಸಪ್ಪಾ ಅಂತ ಅಲ್ಲೇ ಗಂಜಲದ ಮೇಲೆ ಮಲಗುತ್ತದೆ. ಕರೆದ ಮೇಲೆ ಮೊಲೆತೊಟ್ಟಿನ ತುದಿಯ ತೂತು ತಕ್ಷಣ ಮುಚ್ಚಿಕೊಳ್ಳುವುದಿಲ್ಲ, ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಸಡಿಲವಾಗಿಯೇ ಇರುತ್ತದೆ. ರೋಗಾಣು ಒಳಗೆ ಹೋಗೋದು ಆ ಹೊತ್ತಲ್ಲಿ, ಕೆಚ್ಚಲು ಬಾವಿಗೆ ಅದೇ ದಾರಿ. ನಾಲ್ಕು ಮೊಲೆತೊಟ್ಟನ್ನೂ ದ್ರಾವಣದಲ್ಲಿ ಅದ್ದಿ, ಮುಂದೆ ಒಂದು ತೆಕ್ಕೆ ಹಸಿಹುಲ್ಲು ಹಾಕಿದರೆ ಹಸು ಮೇಯುತ್ತಾ ನಿಂತೇ ಇರುತ್ತದೆ. ನಿಮ್ಮ ಮಾಲಿನ ಕಥೆ ಇಷ್ಟೇ.

ಈಗ ಜಾಹೀರಾತು ಹೇಗಿರಬಹುದು? ಹಸುವಿನ ಮುಖ ಬೇಡ, ಆಕಾಶ ಬೇಡ. ಒಂದೇ ಒಂದು ಮೊಲೆತೊಟ್ಟು, ಅದರ ತುದಿಯಲ್ಲಿ ತೊಟ್ಟಿಕ್ಕಲು ಕಾಯುತ್ತಿರುವ ಕಂದು ಬಣ್ಣದ ಅಯೋಡಿನ್ ಹನಿ. ಕೆಳಗೆ ಎರಡೇ ಮಾತು: "ಕರೆದಾಯ್ತಾ? ಅದ್ದಿದ್ರಾ?" ಮೂಲೆಯಲ್ಲಿ ನಿಮ್ಮ ಹೆಸರು. ಡೇರಿ ಮುಂದೆ ಸಾಲಲ್ಲಿ ನಿಂತವರು ಇದನ್ನು ಓದಿದರೆ ಮನೆಯಲ್ಲಿ ಮಲಗಿರೋ ಹಸು ನೆನಪಾಗಲೇಬೇಕು.

ಬೇರೆ ಮಾಲುಗಳಿಗೂ ಇಂಥ ಹೊತ್ತು ಸಿಗುತ್ತಾ?

ಸಿಗುತ್ತದೆ. ಖನಿಜ ಮಿಶ್ರಣಕ್ಕೆ ಗೋಡೆ ನೆಕ್ಕುವ ಹಸು. ರಂಜಕ ಮುಂತಾದ ಖನಿಜಗಳು ಕಡಿಮೆ ಆದಾಗ ಹಸು ಗೋಡೆ ನೆಕ್ಕುತ್ತದೆ, ಒಣಗಲು ಹಾಕಿದ ಬಟ್ಟೆ ಅಗಿಯುತ್ತದೆ, ಹಗ್ಗ ಜಗಿಯುತ್ತದೆ. ಪ್ರತಿ ಊರಲ್ಲೂ ಕಾಣುವ ನೋಟ ಇದು, ಆದರೂ ಜಾಹೀರಾತಲ್ಲಿ ಕಾಣಲ್ಲ. ಒಂದು ಎಚ್ಚರಿಕೆ: ಜಂತುಹುಳು ಇದ್ದರೂ ಹಸು ಹೀಗೆ ಮಾಡಬಹುದು. ಹಾಗಾಗಿ "ಗೋಡೆ ನೆಕ್ಕಿದರೆ ನಮ್ಮ ಪುಡಿ" ಅಂತ ನೇರ ಬರೆಯಬೇಡಿ. "ಡಾಕ್ಟರಿಗೆ ತೋರಿಸಿ, ಖನಿಜ ಕಡಿಮೆ ಅಂದರೆ ನಾವಿದ್ದೇವೆ" ಅನ್ನಿ.

ಉಣ್ಣೆ ಔಷಧಿಗೆ ಇನ್ನೂ ಒಳ್ಳೆಯ ನೋಟ ಇದೆ. ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣೆ ಹಸುವಿನ ಮೈಯಿಂದ ಕೆಳಗೆ ಉದುರಿ, ಗೋಡೆ ಬಿರುಕಿಗೋ ನೆಲದ ಸಂದಿಗೋ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹಸುವಿನ ಮೈ ಮಾತ್ರ ತೊಳೆದವರಿಗೆ ಸ್ವಲ್ಪ ದಿನದಲ್ಲಿ ಮತ್ತೆ ಅದೇ ಕಾಟ. ಹಸುವೇ ಇಲ್ಲದ, ಬರೀ ಕೊಟ್ಟಿಗೆ ಗೋಡೆಯ ಬಿರುಕು ತೋರಿಸುವ ಉಣ್ಣೆ ಔಷಧಿ ಜಾಹೀರಾತನ್ನು ಯೋಚಿಸಿ. ಅದನ್ನೇ ಗೋಡೆ ಬರಹಕ್ಕೆ ತಂದರೆ, ಗೋಡೆಯಲ್ಲಿ ನಿಜವಾಗಿ ಇರುವ ಬಿರುಕಿನ ಸುತ್ತ ಚಿತ್ರ ಬರೆಸಬಹುದು. ಪೇಂಟರ್ ಖರ್ಚೂ ಉಳಿಯುತ್ತೆ.

ಒಂದು ಜಾಹೀರಾತಿನಲ್ಲಿ ಎಷ್ಟು ವಿಷಯ ಹೇಳಬಹುದು?

ಒಂದು. ಮಾಲಿಕರು "ಹೇಗೂ ಜಾಗ ಇದೆ" ಅಂತ ಹನ್ನೆರಡು ಲಾಭ ಸೇರಿಸುತ್ತಾರೆ. ಗಬ್ಬ ನಿಲ್ಲುತ್ತದೆ, ಫ್ಯಾಟ್ ಏರುತ್ತದೆ, ರೋಗ ಹತ್ತಿರ ಬರಲ್ಲ, ಚರ್ಮ ಹೊಳೆಯುತ್ತದೆ. ಇಷ್ಟೆಲ್ಲ ಒಂದೇ ಡಬ್ಬಿ ಮಾಡುತ್ತದೆ ಅಂದರೆ ನಂಬುವಷ್ಟು ಹುಂಬರಲ್ಲ ಹಸು ಸಾಕಿದವರು. ಉಳಿದದ್ದನ್ನು ಕರಪತ್ರದ ಹಿಂಬದಿಗೆ ಹಾಕಿ.

"ಎರಡು ಲೀಟರ್ ಹಾಲು ಜಾಸ್ತಿ" ಅಂತ ಬರೆದರೆ ತಪ್ಪಾ?

ಅಳೆದು ದಾಖಲೆ ಇಟ್ಟಿದ್ದೀರಾ? ಎಷ್ಟು ಹಸು, ಯಾವ ಸೂಲು, ಕರು ಹಾಕಿ ಎಷ್ಟು ದಿನ, ಮೇವು ಏನು, ಔಷಧಿ ಹಾಕದ ಹಸುಗಳ ಜೊತೆ ಹೋಲಿಸಿದ್ದೀರಾ? ಇಲ್ಲ ಅಂದರೆ ಬರೆಯಬೇಡಿ. ಕರು ಹಾಕಿದ ಮೊದಲ ವಾರಗಳಲ್ಲಿ ಹಾಲು ತಾನಾಗಿಯೇ ಏರುತ್ತದೆ. ಆಗ ಯಾವ ಡಬ್ಬಿ ಕೊಟ್ಟರೂ ಅದಕ್ಕೇ ಹೆಸರು ಬರುತ್ತದೆ.

ಕಾನೂನು ಬದಿಗಿಡಿ, ಈ ಮಾತು ವ್ಯಾಪಾರಕ್ಕೂ ದಂಡ. ಹಾಲಿನ ಲೆಕ್ಕ ಮಾತ್ರ ಯಾರೂ ಮರೆಯಲ್ಲ. ದಿನಕ್ಕೆರಡು ಸಲ ಡೇರಿಯಲ್ಲಿ ಅಳತೆ ಆಗುತ್ತದೆ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನ ಅಂಶ) ಎಷ್ಟು ಅಂತ ಚೀಟಿ ಬರುತ್ತದೆ. ನಿಮ್ಮ ಎರಡು ಲೀಟರ್ ಬರಲಿಲ್ಲ ಅನ್ನೋದು ಹದಿನೈದು ದಿನದಲ್ಲಿ ಗೊತ್ತಾಗುತ್ತದೆ, ಅದೇ ಸಾಲಲ್ಲಿ ನಿಂತು ಊರಿಗೆಲ್ಲ ಹೇಳುತ್ತಾರೆ.

ಮಾಡಬಹುದಾದ ಮಾತು ಬೇರೆ ಇದೆ. ಮೇಲ್ನೋಟಕ್ಕೆ ಏನೂ ಕಾಣದ ಕೆಚ್ಚಲು ಬಾವು ಇದ್ದರೂ ಹಾಲು ತಗ್ಗುತ್ತದೆ, ಎಸ್‌ಎನ್‌ಎಫ್ ಇಳಿಯಬಹುದು. "ಎಸ್‌ಎನ್‌ಎಫ್ 8.5 ಯಾಕೆ ಬರ್ತಿಲ್ಲ? ಒಂದ್ಸಲ ಕೆಚ್ಚಲು ಪರೀಕ್ಷೆ ಮಾಡಿಸಿ" ಅನ್ನುವುದು ನಿಜವಾದ ಮಾತು, ಉಪಯೋಗದ ಮಾತು, ಬೇರೆಯವರು ಆಡದ ಮಾತು.

ಕಾನೂನು ಏನೇನು ನೋಡಬೇಕು?

ಮುಖ್ಯವಾದವು ಇವು. ಕೊನೆಗೆ ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿಯೇ ಅಚ್ಚಿಗೆ ಕಳಿಸಿ.

ಅದ್ಭುತ ಪರಿಹಾರದ ಜಾಹೀರಾತು ತಡೆಯುವ 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಮನುಷ್ಯರ ಔಷಧಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದರಲ್ಲಿ ಔಷಧಿ ಅಂದರೆ ಮನುಷ್ಯರದ್ದೂ ಹೌದು, ಪ್ರಾಣಿಗಳದ್ದೂ ಹೌದು. ಔಷಧಿಯ ಗುಣದ ಬಗ್ಗೆ ಸುಳ್ಳು ಭಾವನೆ ಹುಟ್ಟಿಸುವ ಜಾಹೀರಾತಿಗೆ ಅಲ್ಲಿ ತಡೆ ಇದೆ.

1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯ ಕೆಳಗಿರುವ 1945ರ ನಿಯಮಗಳ ಪ್ರಕಾರ, ಪ್ರಾಣಿಗಳಿಗೆಂದೇ ತಯಾರಾದ ಔಷಧಿಯ ಮೇಲೆ "ಮನುಷ್ಯರ ಬಳಕೆಗಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ" ಎಂಬ ಅರ್ಥದ ಮಾತು ಎದ್ದು ಕಾಣಬೇಕು, ಸಾಕುಪ್ರಾಣಿಯ ತಲೆಯ ಗುರುತು ಇರಬೇಕು. ಇದು ಡಬ್ಬಿಗೆ ಹಾಕಿದ ನಿಯಮ. ಆದರೆ ಜಾಹೀರಾತಿನಲ್ಲಿ ಡಬ್ಬಿ ತೋರಿಸುವಾಗ ಡಿಸೈನರ್ ಅದನ್ನು "ಚೆಂದ ಕಾಣಲ್ಲ" ಅಂತ ಅಳಿಸಿ ಹಾಕೋದುಂಟು. ಬಿಡಬೇಡಿ.

ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್, ಎಚ್1, ಎಕ್ಸ್ ಪಟ್ಟಿಯ ಔಷಧಿಗಳನ್ನು ಕೇಂದ್ರ ಸರ್ಕಾರದ ಒಪ್ಪಿಗೆ ಮೊದಲೇ ಪಡೆಯದೆ ಜಾಹೀರಾತು ಮಾಡುವಂತಿಲ್ಲ. ಆ್ಯಂಟಿಬಯಾಟಿಕ್ ಇಂಜೆಕ್ಷನ್ನಿಗೆ ಗೋಡೆ ಬರಹ ಬರೆಸೋ ಆಸೆ ಇದ್ದರೆ ಇಲ್ಲಿಗೇ ಬಿಡಿ. ಅದರ ಮಾತು ಡಾಕ್ಟರ ಹತ್ತಿರ.

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೊಟ್ಟೆಪಾಡಿಗೆ ತಾನೇ ದುಡಿದು ಬಳಸಲು ಕೊಂಡವರನ್ನೂ ಆ ಕಾಯ್ದೆ ಗ್ರಾಹಕರೆಂದೇ ನೋಡುತ್ತದೆ. ಎರಡು ಹಸು ಕಟ್ಟಿದವರು ಅದರೊಳಗೆ ಬರುತ್ತಾರೆ.

ಖನಿಜ ಮಿಶ್ರಣದವರಿಗೆ ಒಂದು ಮಾತು. ನಿಮ್ಮದು ಪೂರಕ ಆಹಾರ. "ಇಂಥ ರೋಗ ವಾಸಿ ಮಾಡುತ್ತದೆ" ಅಂದ ಕೂಡಲೇ ಅದನ್ನು ಔಷಧಿ ಅಂತ ನೋಡುವ ದಾರಿ ನೀವೇ ತೆರೆದಂತೆ. ಇದಕ್ಕೆ ಐಎಸ್ 1664 ಎಂಬ ಭಾರತೀಯ ಮಾನದಂಡ ಇದೆ. ಪರವಾನಗಿ ಪಡೆದು ಐಎಸ್‌ಐ ಗುರುತು ಸಿಕ್ಕಿದ್ದರೆ ಅದನ್ನು ದೊಡ್ಡದಾಗಿ ತೋರಿಸಿ, ಸಿಕ್ಕಿಲ್ಲ ಅಂದರೆ ಹತ್ತಿರಕ್ಕೂ ಹೋಗಬೇಡಿ.

ಹಳೆಯ ಜಾಹೀರಾತು ಅಳಿಸಬೇಕಾ?

ಗೋಡೆ ಬರಹ ಹತ್ತು ವರ್ಷ ಆದರೂ ಇರುತ್ತದೆ, ನಿಯಮ ಅಷ್ಟು ದಿನ ಕಾಯಲ್ಲ. ದನಗಳಿಗೆ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಕೊಡುವುದಕ್ಕೆ 2006ರಲ್ಲಿ ತಡೆ ಬಂತು. ಆ ಔಷಧಿ ಕೊಟ್ಟ ಮೇಲೆ ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಧಾಮ ಇರುವುದು ನಿಮಗೆ ಗೊತ್ತೇ ಇದೆ. 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ನಿಂತಿತು, 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ನೋವಿನ ಔಷಧಿಗಳೂ ನಿಂತವು. ನಿಯಮ ಬದಲಾದ ಕೂಡಲೇ ಅಳಿಸಲು, ಯಾವ ಊರಲ್ಲಿ ಯಾವ ಗೋಡೆ ಬರೆಸಿದ್ದೀರಿ ಅನ್ನೋ ಪಟ್ಟಿ ಇಟ್ಟುಕೊಳ್ಳಿ, ಅಷ್ಟು ಸಾಕು.

ಹಾಲು ಡೇರಿಗೆ ಹಾಕಬಾರದ ದಿನಗಳನ್ನು ಜಾಹೀರಾತಲ್ಲೇ ಹೇಳಿದರೆ ಮಾಲು ಯಾರು ತಗೋತಾರೆ?

ಈ ಭಯ ಎಲ್ಲರಿಗೂ ಇದೆ. ಔಷಧಿ ಕೊಟ್ಟ ಮೇಲೆ ಅದರ ಅಂಶ ಹಾಲಿನಲ್ಲಿ ಬರುವುದು ನಿಲ್ಲುವವರೆಗೆ ಕಾಯಬೇಕಾದ ದಿನಗಳನ್ನು ಲೇಬಲ್ ಮೇಲೆ ಹಾಕಲೇಬೇಕು. ಆ ಔಷಧಿಗೆಂದೇ ಪರೀಕ್ಷಿಸಿ ನಿಗದಿ ಮಾಡಿದ ದಿನ ಇಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಅಂತ ನಿಯಮ ಇದೆ. ಎಲ್ಲರೂ ಇದನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಬಚ್ಚಿಡುತ್ತಾರೆ.

ನಮ್ಮ ಅಭಿಪ್ರಾಯ ಉಲ್ಟಾ. ದೊಡ್ಡದಾಗಿ ಹಾಕಿ. "ಈ ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಹಾಲು ಡೇರಿಗೆ ಬೇಡ" ಅಂತ ಡಬ್ಬಿಯ ಮುಂಭಾಗದಲ್ಲೇ ಇರಲಿ. ಹಾಲು ಪರೀಕ್ಷೆಯಲ್ಲಿ ಔಷಧಿಯ ಅಂಶ ಸಿಕ್ಕರೆ ತಲೆನೋವು ಒಬ್ಬರ ಮನೆಗಲ್ಲ, ಇಡೀ ಊರಿನ ಡೇರಿಗೆ. ಡೇರಿ ಸೆಕ್ರೆಟರಿ ಯಾವ ಕಂಪನಿಯನ್ನು ಧೈರ್ಯವಾಗಿ ಹೇಳುತ್ತಾರೆ? ಮುಚ್ಚಿಡದೆ ಹೇಳಿದ ಕಂಪನಿಯನ್ನೇ ಅಲ್ವಾ. ನಿಮ್ಮ ಮಾಲಿಗೆ ಕಾಯುವ ದಿನವೇ ಇಲ್ಲ ಅಂತ ಲೇಬಲ್ಲಿನಲ್ಲಿ ಒಪ್ಪಿಗೆ ಸಿಕ್ಕಿದ್ದರೆ, ಅದೇ ನಿಮ್ಮ ಜಾಹೀರಾತಿನ ತಲೆಬರಹ.

ಯಾವ ಹಸುವಿನ ಫೋಟೋ ಹಾಕಬೇಕು?

ನಿಮ್ಮ ಗಿರಾಕಿ ಕಟ್ಟಿರುವ ಹಸುವಿನದ್ದು. ಪರದೇಶದ ಫೋಟೋ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ. ಕುತ್ತಿಗೆಯಲ್ಲಿ ಹಗ್ಗ ಇಲ್ಲ, ಕಿವಿಯಲ್ಲಿ ನಮ್ಮ 12 ಅಂಕಿಯ ಹಳದಿ ಓಲೆ ಇಲ್ಲ, ಹಿಂದೆ ಗುಡ್ಡಗುಡ್ಡವಾಗಿ ಹುಲ್ಲು. ನಮ್ಮಲ್ಲಿ ಹಸು ನಿಲ್ಲೋದು ಶೀಟಿನ ಕೊಟ್ಟಿಗೆಯಲ್ಲಿ, ಕಾಲಡಿಗೆ ಕಲ್ಲುಚಪ್ಪಡಿ ಅಥವಾ ರಬ್ಬರ್ ಮ್ಯಾಟ್, ಮುಂದೆ ನೇಪಿಯರ್ ಹುಲ್ಲು ಇಲ್ಲ ಮುಸುಕಿನ ಜೋಳದ ಕಡ್ಡಿ. ಅಲ್ಲೇ ಫೋಟೋ ತೆಗೆಸಿ.

ಸಣ್ಣ ತಪ್ಪು ಕೂಡ ಕಾಣುತ್ತದೆ. ಒಂದು ಸಾಮಾನ್ಯ ಚಿತ್ರ ನೋಡಿ: ಹಸುವಿನ ತಲೆ ಮೇಲಕ್ಕೆತ್ತಿ, ನಾಲಿಗೆ ಎಳೆದು ಹಿಡಿದು, ಗೊಟ್ಟದಲ್ಲಿ (ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ) ಕ್ಯಾಲ್ಸಿಯಂ ಹುಯ್ಯುವುದು. ನಾಲಿಗೆ ಎಳೆದರೆ ಹಸುವಿಗೆ ನುಂಗಲು ಆಗಲ್ಲ, ದ್ರಾವಣ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು. ನಿಮ್ಮ ಪೋಸ್ಟರ್ ನೋಡಿ ಯಾರೋ ಹಾಗೇ ಮಾಡಿದರೆ? ಉಣ್ಣೆ ಔಷಧಿ ಸಿಂಪಡಿಸುವವರ ಕೈಗೆ ಗವಸು, ಮುಖಕ್ಕೆ ಬಟ್ಟೆ ಇರಲಿ. ಅಚ್ಚಿಗೆ ಹೋಗುವ ಮುಂಚೆ ಪಶುವೈದ್ಯರೊಬ್ಬರು ಚಿತ್ರ ನೋಡಲಿ. ಡಿಸೈನರ್ ಎಷ್ಟೇ ಜಾಣರಾದರೂ ಅವರು ಗೊಟ್ಟ ಹಿಡಿದಿರಲ್ಲ.

ಬಣ್ಣ, ಗುರುತು, ಹೆಸರು ಹೇಗೆ ಆರಿಸೋದು?

ಮೊದಲು ನಿಮ್ಮ ಊರಿನ ಅಂಗಡಿ ಕಪಾಟಿನ ಫೋಟೋ ತೆಗೆದುಕೊಳ್ಳಿ. ಯಾವ ಬಣ್ಣ ಇಲ್ಲವೋ ಅದನ್ನು ತಗೊಳ್ಳಿ. ಹಸಿರು-ನೀಲಿ ಮಧ್ಯೆ ಅರಿಶಿನ ಹಳದಿ ಅಥವಾ ಇಟ್ಟಿಗೆ ಕೆಂಪು ದೂರದಿಂದಲೇ ಕೂಗುತ್ತದೆ. "ಹಸಿರು ಅಂದ್ರೆ ಆರೋಗ್ಯ ಸಾರ್" ಅಂತ ಡಿಸೈನರ್ ಹೇಳಿಯೇ ಹೇಳುತ್ತಾರೆ. ಇರಬಹುದು. ಅದೇ ಮಾತು ಉಳಿದ ಇಪ್ಪತ್ತು ಕಂಪನಿಗೂ ಹೇಳಿದ್ದಾರೆ.

ಗುರುತು ಬಾಯಲ್ಲಿ ಹೇಳುವಂತಿರಬೇಕು. ಎಲ್ಲರಿಗೂ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತಲ್ಲ. ಅಂಗಡಿಯಲ್ಲಿ ಕೇಳೋದು "ಆ ಕೆಂಪು ಮುಚ್ಚಳದ್ದು ಕೊಡಿ", "ಆ ಗೂಳಿ ಚಿತ್ರದ ಪುಡಿ ಕೊಡಿ" ಅಂತ. ಹಾಗಾಗಿ ಮುಚ್ಚಳಕ್ಕೂ ಚಿತ್ರಕ್ಕೂ ಯೋಚನೆ ಮಾಡಿ. ಮೇಲೆ ಹೇಳಿದ ಟೀಟ್ ಡಿಪ್‌ಗೆ ಕಂದು ಹನಿಯೇ ಗುರುತು ಆಗಬಹುದು: ಡಬ್ಬಿ ಮೇಲೆ ಹನಿ, ಗೋಡೆ ಮೇಲೆ ಹನಿ, ಸೇಲ್ಸ್ ಹುಡುಗರ ಶರ್ಟಿನ ಜೇಬಿನ ಮೇಲೂ ಹನಿ. ಹೆಸರು ಕನ್ನಡದ ಎರಡು-ಮೂರು ಅಕ್ಷರದ್ದಾದರೆ ಇನ್ನೂ ಒಳ್ಳೆಯದು. ಇಡುವ ಮುಂಚೆ ಟ್ರೇಡ್‌ಮಾರ್ಕ್ ಹುಡುಕಿಸಿ.

ನಮ್ಮ ಗಿರಾಕಿ ಯಾರು? ಗಂಡಸರೇ ಅಂಗಡಿಗೆ ಬರ್ತಾರಲ್ಲ.

ಅಂಗಡಿಗೆ ಬರೋದು ಗಂಡಸರಿರಬಹುದು. ಕೆಚ್ಚಲು ಮುಟ್ಟೋದು, "ಇವತ್ತು ಬೂಸಾ ಬಿಟ್ಟಿದೆ" ಅಂತ ಮೊದಲು ಗಮನಿಸೋದು ಬಹಳ ಮನೆಗಳಲ್ಲಿ ಹೆಂಗಸರು. ಏನು ತರಬೇಕು ಅನ್ನೋದು ಅಲ್ಲೇ ತೀರ್ಮಾನ ಆಗಿರುತ್ತದೆ. ಆದರೂ ಪೋಸ್ಟರಿನಲ್ಲಿ ಪೇಟ ಸುತ್ತಿ ಮೀಸೆ ತಿರುವುವ ರೈತ. ಹಾಲು ಕರೆಯುತ್ತಿರುವ ಅಕ್ಕನ ಕೈ ತೋರಿಸಿದರೆ ಅಷ್ಟಕ್ಕೇ ನಿಮ್ಮದು ಬೇರೆ ಆಗಿಬಿಡುತ್ತೆ. ಮಹಿಳೆಯರದ್ದೇ ಆದ ಹಾಲು ಸಂಘಗಳು ಎಷ್ಟೋ ಊರಲ್ಲಿವೆ, ಅಲ್ಲಿಗೆ ಬೇರೆ ಪೋಸ್ಟರ್ ಮಾಡಲೂಬಹುದು.

ಇನ್ನೊಬ್ಬ ಗಿರಾಕಿ ಪಶುವೈದ್ಯರು, ಮತ್ತೊಬ್ಬರು ಔಷಧಿ ಅಂಗಡಿಯವರು. ವೈದ್ಯರಿಗೆ ಬೇಕಾದ್ದು ಅಂಶಗಳ ಪ್ರಮಾಣ, ಪ್ರಯೋಗದ ಫಲ, ಕಾಯುವ ದಿನ. ಅವರಿಗೆ ಹೊಳಪು ಕಾಗದದ ಮೇಲೆ ಹಾಲಿನ ಹೊಳೆ ಹರಿಸಬೇಡಿ.

ಯಾವ ಕನ್ನಡದಲ್ಲಿ ಬರೆಯಬೇಕು?

ಆ ಊರಿನವರ ಕನ್ನಡದಲ್ಲಿ. ಮಂಡ್ಯಕ್ಕೆ ಹಸು, ಹುಬ್ಬಳ್ಳಿ-ಧಾರವಾಡಕ್ಕೆ ಆಕಳು. ಇಲ್ಲಿ ನಾಟಿ ಹಸು, ಅಲ್ಲಿ ಜವಾರಿ. ಇಂಗ್ಲಿಷಿನಲ್ಲಿ ಬರೆದು ಭಾಷಾಂತರಕ್ಕೆ ಕೊಟ್ಟರೆ "ನಿಮ್ಮ ಜಾನುವಾರುಗಳ ಉತ್ತಮ ಸ್ವಾಸ್ಥ್ಯಕ್ಕಾಗಿ" ಅಂತ ಬರುತ್ತದೆ. ಕೊಟ್ಟಿಗೆಯಲ್ಲಿ ಯಾರೂ ಹಾಗೆ ಮಾತಾಡಲ್ಲ. ಬರೆದದ್ದನ್ನು ಡೇರಿ ಕಟ್ಟೆ ಮೇಲೆ ಜೋರಾಗಿ ಓದಿ. ಕೇಳಿದವರು ಮತ್ತೊಮ್ಮೆ ಏನು ಅಂದರೆ ಆ ಸಾಲು ಹೊಡೆದು ಹಾಕಿ.

ಜಾಹೀರಾತು ಎಲ್ಲಿ ಹಾಕಿದರೆ ಒಳ್ಳೆಯದು?

ಮೊದಲ ಜಾಗ ಹಾಲಿನ ಡೇರಿ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಅದೇ ಜನ ಅಲ್ಲಿ ನಿಲ್ಲುತ್ತಾರೆ, ಕೈಯಲ್ಲಿ ಕ್ಯಾನ್, ತಲೆಯಲ್ಲಿ ಹಸು. ಸಂಘದ ಒಪ್ಪಿಗೆ ಪಡೆದು ಎಸ್‌ಎನ್‌ಎಫ್ ಚೀಟಿ ಬರುವ ಕಿಟಕಿ ಪಕ್ಕ ಒಂದು ಸಣ್ಣ ಬೋರ್ಡು ಹಾಕಿ. ಹೆದ್ದಾರಿ ಹೋರ್ಡಿಂಗಿಗಿಂತ ಇದು ಮೇಲು, ಖರ್ಚೂ ಕಡಿಮೆ.

ಎರಡನೆಯದು ಕ್ಯಾಲೆಂಡರ್. ಅದು ಕೊಟ್ಟಿಗೆಗೆ ಬರುವ ಹಾಗೆ ಮಾಡಿ. ಹುಣ್ಣಿಮೆ-ಅಮಾವಾಸ್ಯೆ ಇರಲಿ, ಜೊತೆಗೆ ಹಸು ಬೆದೆಗೆ ಬಂದ ದಿನ, ಇಂಜೆಕ್ಷನ್ ಮಾಡಿಸಿದ ದಿನ, ಗಬ್ಬ ಪರೀಕ್ಷೆ, ಕರು ಹಾಕುವ ಅಂದಾಜು ದಿನ ಗುರುತು ಹಾಕಲು ಜಾಗ ಕೊಡಿ. ಪೆನ್ಸಿಲ್ ಕಟ್ಟಲು ಒಂದು ತೂತು. ಇಂಥ ಕ್ಯಾಲೆಂಡರನ್ನು ವರ್ಷ ಕಳೆದರೂ ಬಿಸಾಡಲ್ಲ, ಲೆಕ್ಕ ಅದರಲ್ಲೇ ಇರುತ್ತದೆ.

ದನಗಳ ಜಾತ್ರೆಗಳು ಇವೆ: ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ, ಸಿದ್ಧಗಂಗೆ. ಅಲ್ಲಿಗೆ ಬರುವುದು ಹೆಚ್ಚಾಗಿ ಹಳ್ಳಿಕಾರ್ ಎತ್ತುಗಳು, ಹೋರಿಗಳು. ಹಾಲಿನ ಮಾಲಿಗೆ ಅದು ಸರಿಯಾದ ಜಾಗ ಅಲ್ಲ, ಉಣ್ಣೆ ಔಷಧಿ, ಗಾಯದ ಮುಲಾಮಿಗೆ ಸರಿ. ಬ್ಯಾನರ್ ಬದಲು ಎತ್ತಿನ ಮೈ ತೊಳೆಯಲು ನೀರಿನ ವ್ಯವಸ್ಥೆ ಮಾಡಿ ನೋಡಿ. ಕೃಷಿ ಮೇಳಗಳಲ್ಲಿ ಮಳಿಗೆ ಸಾಲು ಉದ್ದ, ಜನ ಕರಪತ್ರ ಒಟ್ಟು ಮಾಡಿಕೊಂಡು ಹೋಗುತ್ತಾರೆ, ಅಷ್ಟೇ.

ಆಕಾಶವಾಣಿಯ ಕೃಷಿರಂಗ ಕೇಳುವವರು ಈಗಲೂ ಇದ್ದಾರೆ. ಆಟೋಗೆ ಮೈಕ್ ಕಟ್ಟಿ ಊರೂರು ಸುತ್ತಿಸುವುದಾದರೆ ಸಂಜೆ ಹಾಲು ಹಾಕುವ ಹೊತ್ತು ನೋಡಿ. ಗೋಡೆ ಬರಹಕ್ಕೆ ಮನೆಯವರ ಒಪ್ಪಿಗೆ ಬೇಕು, ಸಾರ್ವಜನಿಕ ಗೋಡೆ ಮುಟ್ಟಬೇಡಿ. ಊರಿನ ಅಂದ ಕೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಇದೆ.

ವಾಟ್ಸ್‌ಆ್ಯಪ್, ರೀಲ್ಸ್?

ಮಾಡಿ, ಆದರೆ ಅಲ್ಲಿ ಮಾರಬೇಡಿ, ತೋರಿಸಿ. ಕೆಚ್ಚಲು ಪರೀಕ್ಷೆ ಮಾಡುವ ನಾಲ್ಕು ಕುಳಿಯ ತಟ್ಟೆಯಲ್ಲಿ ಹಾಲಿಗೆ ದ್ರಾವಣ ಬೆರೆಸಿ ತಿರುಗಿಸಿದಾಗ, ಬಾವು ಇರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ನಲವತ್ತು ಸೆಕೆಂಡಿನ ಈ ವಿಡಿಯೋ ಕೈಯಿಂದ ಕೈಗೆ ಹೋಗುತ್ತದೆ. ಮ್ಯೂಸಿಕ್ ಹಾಕಬೇಡಿ, ಹಸು ಅಗಿಯುವ ಸದ್ದು ಸಾಕು.

ಸಿನಿಮಾ ನಟರನ್ನು ಕರೆಸಿದರೆ?

ದುಡ್ಡಿದ್ದರೆ ನಿಮ್ಮಿಷ್ಟ. ನೆನಪಿರೋದು ನಟ, ಮರೆಯೋದು ಡಬ್ಬಿ. ಸುಳ್ಳು ಹೇಳಿಕೆ ಅಂತ ಸಾಬೀತಾದರೆ ದಂಡ ಅವರಿಗೂ ಬೀಳಬಹುದು, ಹಾಗಾಗಿ ಒಪ್ಪಂದಕ್ಕೆ ಮುಂಚೆ ಅವರೂ ದಾಖಲೆ ಕೇಳುತ್ತಾರೆ.

ರೈತರ ಅನುಭವದ ಮಾತು ಹಾಕಬಹುದಾ?

ಹಾಕಬಹುದು. ಆದರೆ ಒಂದು ವಿಷಯ ತಿಳಿದಿರಲಿ. "ನಮ್ಮ ಹಸು ಇಷ್ಟು ಲೀಟರ್ ಕೊಡುತ್ತೆ" ಅಂತ ನಾಲ್ಕು ಜನರ ಮುಂದೆ ಹೇಳಲು ಎಷ್ಟೋ ಮಂದಿಗೆ ಇಷ್ಟ ಇಲ್ಲ, ದೃಷ್ಟಿ ತಾಗುತ್ತದೆ ಅಂತ. ಕ್ಯಾಮೆರಾ ಹಿಡಿದು ಒತ್ತಾಯ ಮಾಡಿದರೆ ಸುಮ್ನೆ ಒಂದು ಸಂಖ್ಯೆ ಹೇಳಿ ಕಳಿಸುತ್ತಾರೆ. ಲೀಟರ್ ಕೇಳಬೇಡಿ. "ಮೊದಲು ಏನು ಮಾಡ್ತಿದ್ರಿ, ಈಗ ಏನು ಮಾಡ್ತೀರಿ" ಅಂತ ಕೇಳಿ. ಬಾಯಿ ತಾನಾಗಿ ಬಿಚ್ಚುತ್ತದೆ. ಹೆಸರು, ಫೋಟೋ ಬಳಸಲು ಬರೆದುಕೊಟ್ಟ ಒಪ್ಪಿಗೆ ಪಡೆಯಿರಿ. ಕಥೆ ಕಟ್ಟಿ ಯಾರದೋ ಫೋಟೋ ಅಂಟಿಸುವ ಕೆಲಸ ಬೇಡವೇ ಬೇಡ.

ರೋಗ ಹಬ್ಬಿದಾಗ ಜಾಹೀರಾತು ಜೋರು ಮಾಡಬಹುದಾ?

2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ದನ ಕಳೆದುಕೊಂಡ ಮನೆಗಳೆಷ್ಟೋ. ಅಂಥ ಹೊತ್ತಲ್ಲಿ "ನಮ್ಮ ಟಾನಿಕ್ ಕೊಡಿ, ಚರ್ಮಗಂಟು ಓಡಿಸಿ" ಅಂದರೆ ಅದು ವ್ಯಾಪಾರ ಅಲ್ಲ. ಅದು ವೈರಸ್ ರೋಗ, ಟಾನಿಕ್ಕಿಗೆ ಬಗ್ಗಲ್ಲ. ಆಗ ನಿಮ್ಮ ಬೋರ್ಡು ಹೇಳಬೇಕಾದ್ದು ಮೂರೇ: ರೋಗ ಬಂದ ದನ ಬೇರೆ ಕಟ್ಟಿ, ನೊಣ-ಸೊಳ್ಳೆ-ಉಣ್ಣೆ ತಡೆಯಿರಿ, ಲಸಿಕೆ ಹಾಕಿಸಿ. ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ 1962 ನಂಬರ್ ದೊಡ್ಡದಾಗಿ ಹಾಕಿ. ಕಂಪನಿ ಹೆಸರು ಕೆಳಗೆ ಸಣ್ಣದಾಗಿ ಇದ್ದರೂ ಜನ ಮರೆಯಲ್ಲ. ಕಾಲುಬಾಯಿ ಜ್ವರದ ಲಸಿಕೆ ಸರ್ಕಾರದಿಂದ ಉಚಿತ. ಲಸಿಕೆ ಹಾಕಿದ ಒಂದೆರಡು ದಿನ ಹಾಲು ಸ್ವಲ್ಪ ತಗ್ಗಬಹುದು, ಹೆದರಬೇಡಿ ಅಂತ ನೀವು ಮುಂಚೆಯೇ ಹೇಳಿದರೆ ಆಸ್ಪತ್ರೆಯವರಿಗೂ ಉಪಕಾರ.

ಜನ ಮನೆಮದ್ದನ್ನೇ ನಂಬುತ್ತಾರೆ. ಅದನ್ನು ಹಳಿಯಬೇಕಾ?

ಹಳಿದರೆ ಅವರ ಅಜ್ಜಿಯನ್ನೇ ಹಳಿದಂತೆ. ಲೋಳೆಸರ, ಅರಿಶಿನ, ಸುಣ್ಣ ಅರೆದು ಕೆಚ್ಚಲಿಗೆ ಹಚ್ಚುವುದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡಿದೆ. ಅದು ಬಾವು ಬಂದ ಮೇಲಿನ ಮಾತು, ನಿಮ್ಮ ಟೀಟ್ ಡಿಪ್ ಬಾವು ಬರೋದಕ್ಕೆ ಮುಂಚಿನದ್ದು. ಜಗಳವೇ ಇಲ್ಲ. ಹಾಗೇ ಹೇಳಿ.

ಯಾವ ತಿಂಗಳಲ್ಲಿ ಯಾವುದನ್ನು ಹಾಕಬೇಕು?

ಜಂತುಹುಳು ಔಷಧಿಗೆ ಮುಂಗಾರು ಶುರುವಾಗುವ ಮುಂಚೆ. ಉಣ್ಣೆ, ನೊಣಕ್ಕೆ ಸೆಕೆ-ತೇವ ಸೇರುವ ದಿನಗಳು. ಕೆಚ್ಚಲು ಬಾವಿಗೆ ಮಳೆಗಾಲ, ಕೊಟ್ಟಿಗೆ ಒಣಗದ ಕಾಲ. ಕ್ಯಾಲ್ಸಿಯಂಗೆ ತಿಂಗಳು ಅನ್ನೋದಿಲ್ಲ, ಹಸು ಕರು ಹಾಕುವ ಹೊತ್ತೇ ಅದರ ಹಬ್ಬ. ಹಾಗಾಗಿ ಅದನ್ನು ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಎಐ ಕಾರ್ಯಕರ್ತರ ಮೂಲಕ ಮನೆಮನೆಗೆ ತಿಳಿಸೋದು ಜಾಣತನ, ಯಾವ ಹಸು ಯಾವಾಗ ಕರು ಹಾಕುತ್ತದೆ ಅನ್ನೋದು ಅವರ ಡೈರಿಯಲ್ಲಿದೆ.

ಕುರಿ, ಮೇಕೆಗೂ ಇದೇ ದಾರಿಯಾ?

ದಾರಿ ಅದೇ, ನೋಟ ಬೇರೆ. ಕುರಿಯವರು ಮಂದೆ ಲೆಕ್ಕದಲ್ಲಿ ಯೋಚಿಸುತ್ತಾರೆ, ಊರಿಂದ ಊರಿಗೆ ನಡೆಯುತ್ತಾರೆ. ಗೋಡೆ ಬರಹ ಅವರಿಗೆ ತಲುಪಲ್ಲ. ಕುರಿ ಸಂತೆ ತಲುಪುತ್ತದೆ. ನೂರು ಕುರಿಗೆ ಒಟ್ಟು ಎಷ್ಟು ಔಷಧಿ, ಎಷ್ಟು ದುಡ್ಡು ಅನ್ನೋದನ್ನು ಡಬ್ಬಿ ಮೇಲೇ ಬರೆಯಿರಿ, ತಲೆಗೆಷ್ಟು ಅಂತ ಮಾತ್ರ ಬರೆದರೆ ಸಾಲದು.

ಪ್ರತಿ ವರ್ಷ ಹೊಸ ಜಾಹೀರಾತು ಬೇಕಾ?

ನಿಮಗೆ ಬೇಜಾರಾಗಿರುತ್ತದೆ, ಯಾಕೆಂದರೆ ದಿನಾ ನೋಡೋದು ನೀವು. ಊರಿನವರು ಈಗಷ್ಟೇ ಗುರುತು ಹಿಡಿಯಲು ಶುರು ಮಾಡಿರುತ್ತಾರೆ. ಬಣ್ಣ, ಹನಿ, "ಅದ್ದಿದ್ರಾ?" ಅನ್ನೋ ಮಾತು ಬದಲಿಸಬೇಡಿ. ಸುತ್ತಲಿನ ಸಂದರ್ಭ ಬದಲಿಸಿ: ಸಂಕ್ರಾಂತಿಗೆ ಕಿಚ್ಚು ಹಾಯಿಸಿ ಬಂದ ಹಸು, ಮಳೆಗಾಲದ ಕೆಸರು ಕೊಟ್ಟಿಗೆ, ಮೊದಲ ಸೂಲಿನ ಒದೆಯುವ ಹಸು. ಹೊಸ ಮಾರ್ಕೆಟಿಂಗ್ ಮ್ಯಾನೇಜರ್ ಬಂದ ತಕ್ಷಣ ಲೋಗೋ ಬದಲಾಯಿಸುವ ಕಾಯಿಲೆಗೆ ಮಾತ್ರ ಯಾವ ಡಬ್ಬಿಯಲ್ಲೂ ಮದ್ದಿಲ್ಲ.

ಜಾಹೀರಾತು ಕೆಲಸ ಮಾಡಿದೆಯಾ ಅಂತ ಹೇಗೆ ತಿಳಿಯೋದು?

ಮಾರಾಟದ ಲೆಕ್ಕ ನೋಡಲೇಬೇಕು, ಆದರೆ ಅದೊಂದೇ ಸಾಲದು, ಮಳೆ ಹೆಚ್ಚಾದರೂ ಉಣ್ಣೆ ಔಷಧಿ ಓಡುತ್ತದೆ. ಎರಡು ಸುಲಭದ ಪರೀಕ್ಷೆ ಇವೆ. ನಿಮ್ಮ ಪೋಸ್ಟರಿನ ಹೆಸರನ್ನು ಕೈಯಿಂದ ಮುಚ್ಚಿ ಡೇರಿ ಮುಂದೆ "ಇದು ಯಾರದು?" ಅಂತ ಕೇಳಿ. ಬೇರೆ ಕಂಪನಿ ಹೆಸರು ಬಂದರೆ ಪೋಸ್ಟರ್ ಅವರದ್ದೇ. ಇನ್ನೊಂದು, ಅಂಗಡಿ ಕೌಂಟರಿನ ಹುಡುಗನ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಕೊಟ್ಟು, ಗಿರಾಕಿ ಏನು ಅಂತ ಕೇಳಿದರೋ ಅದನ್ನೇ ಬರೆಯಲು ಹೇಳಿ. "ಕೆಚ್ಚಲು ಬಾವಿಗೆ ಏನಾದ್ರೂ ಕೊಡಿ" ಅಂದರೆ ಇನ್ನೂ ದೂರ ಇದ್ದೀರಿ. "ಹನಿ ಡಬ್ಬಿ ಕೊಡಿ" ಅಂದರೆ ದುಡ್ಡು ಸರಿಯಾದ ಕಡೆ ಹೋಗಿದೆ. ಗೋಡೆಗೆ ಒಂದು ಫೋನ್ ನಂಬರ್, ಕ್ಯಾಲೆಂಡರಿಗೆ ಇನ್ನೊಂದು ಕೊಟ್ಟರೆ ಯಾವುದರಿಂದ ಕರೆ ಬಂತು ಅನ್ನೋದೂ ತಿಳಿಯುತ್ತದೆ.

ನಮ್ಮ ಹತ್ತಿರ ದುಡ್ಡು ತುಂಬಾ ಕಡಿಮೆ. ಒಂದೇ ಒಂದು ಮಾಡಬಹುದು ಅಂದರೆ ಯಾವುದು?

ಡಬ್ಬಿ. ಅದಕ್ಕೆ ಹೇಗೂ ಲೇಬಲ್ ಅಚ್ಚು ಹಾಕಿಸುತ್ತೀರಿ. ಬಣ್ಣ ಬದಲಿಸಿ, ಗುರುತು ದೊಡ್ಡದು ಮಾಡಿ, ಬಳಸುವ ರೀತಿಯನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ, ಕೊಟ್ಟಿಗೆ ಗೂಟಕ್ಕೆ ನೇತು ಹಾಕಲು ಒಂದು ಹಿಡಿ ಕೊಡಿ. ಟೀಟ್ ಡಿಪ್ ಆದರೆ ಅದ್ದುವ ಕಪ್ ಜೊತೆಗೇ ಬರಲಿ. ಇಲ್ಲದಿದ್ದರೆ ಹಳೆಯ ಲೋಟದಲ್ಲಿ ಅದ್ದುತ್ತಾರೆ, ಆಮೇಲೆ ಅದನ್ನು ಯಾರಾದರೂ ತೊಳೆದು ಅಡುಗೆಮನೆಗೆ ಸೇರಿಸುತ್ತಾರೆ. ಕಪ್ ಮೇಲೆ ನಿಮ್ಮ ಹನಿ ಇರಲಿ. ಡಬ್ಬಿ ಖಾಲಿ ಆಗಿ ಎಷ್ಟೋ ದಿನ ಆದ ಮೇಲೂ ಆ ಕಪ್ ಗೂಟದ ಮೇಲೇ ಇರುತ್ತದೆ.